ಆನಂದಪುರದ ಮೊಗ್ಲಿಂಗ್ ದಂಪತಿಗಳು

ಶಿಕಾರಿಪುರ ಸೊರಬ ಸೀಮೆಯವರಾದ ನಮಗೆ ಆನಂದಪುರವೆಂದ ಕೂಡಲೆ ಸಾಗರದ ದಾರಿಯಲ್ಲಿರುವ ಊರು ನೆನಪಿಗೆ ಬರುವದು ಸಹಜ. ಆದರೆ ಅದೇ ಹೆಸರಿನ ಇನ್ನೊಂದು ಊರು ಕೊಡಗಿನಲ್ಲಿ, ಸಿದ್ದಾಪುರದ ಸಮೀಪದಲ್ಲುಂಟು. ಅದು ಅರಸರು ಕಟ್ಟಿಸಿದ ಊರಲ್ಲ. ಜೀತದಿಂದ ಬಿಡುಗಡೆ ಹೊಂದಿದ ಬಡಜನರಿಗಾಗಿ ಕಟ್ಟಿದ ಊರು. ಅದರ ಕಾರ್ಯವನ್ನು ಮುಂದೆ ನಿಂತು ನಡಿಸಿದ ಹೆರ್ಮನ್ ಮೊಗ್ಲಿಂಗ್ ಪಂಡಿತರ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ಪ್ರತಿ ವರುಷ ಜುಲೈ 1ನೆಯ ತಾರೀಖು ಪತ್ರಿಕಾ ದಿನದ ಸಭೆಯಲ್ಲಿ ಕೇಳುತ್ತಾರೆ. ಕೆಲವು ವರುಷಗಳ ಹಿಂದೆ ಅಂಥ ಸಭೆ ಮುಗಿದ ತರುವಾಯ ಚಿಕ್ಕ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದು, ಆ ಪಂಡಿತರಿಗೆ ಹೆಂಡತಿ ಇದ್ದರೇ, ಇದ್ದರೆ ಅವರು ಏನು ಕೆಲಸ ಮಾಡುತ್ತಿದ್ದರು ಎಂದು ವಿಚಾರಿಸಿದಳು. ನಾನು ಉತ್ತರ ಕೊಡಲಾರದೆ ಸುಮ್ಮನಾದೆನು. ಇಷ್ಟು ವರುಷ ಪಾಠ ಹೇಳಿದ ನನಗೆ ಅದು ನಾಚಿಕೆಯ ಸಂಗತಿಯಾಯಿತು. ಆ ಹುಡುಗಿಗೆ ಅಂದು ಕೊಡದಿದ್ದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಮೊಗ್ಲಿಂಗರು ಜರ್ಮನಿಯ ವ್ಯುರ್ಟೆಂಬೆರ್ಗ್ ದೇಶದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಇಸವಿ ಮೇ 29ರಂದು ಹುಟ್ಟಿದರು. ಟ್ಯೂಬಿಂಗೆನ್ ಪಟ್ಟಣದಲ್ಲಿ ದೈವಶಾಸ್ತ್ರವನ್ನು ಓದಿ, ಬಾಸೆಲ್ ಮಿಷನ್ ಸಂಘವನ್ನು ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಆ ಸಂಘದವರು ಮಂಗಳೂರಿಗೆ ಕಾಲಿಟ್ಟು ಆಗ ಎರಡೇ ವರುಷಗಳಾಗಿದ್ದವು. ಮೊಗ್ಲಿಂಗರು ಬಾಲಕರಿಗೆ ಪಾಠ ಹೇಳಿದರು, ಕನ್ನಡವನ್ನು ಪಂಡಿತರಿಂದಲೂ ಪಾಮರರಿಂದಲೂ ಕಲಿತರು, 1843ನೆಯ ಇಸವಿ ಜುಲೈ 1ರಂದು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಅದೇ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆ. ಹದಿನೈದು ದಿನಕ್ಕೊಂದಾವರ್ತಿ ಬರುತ್ತಿದ್ದ ಆ ನಾಲ್ಕು ಪುಟಗಳಿಗೆ ಒಂದು ದುಡ್ಡು ಕ್ರಯವಿತ್ತು.

ಅದನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿ. ಸೊರಬದ ಗುಡಿಗಾರರು ಗಂಧದ ಮರವನ್ನು ಕೊರೆಯುವದನ್ನು ನೀವು ನೋಡಿದ್ದೀರಿ. ಕಲ್ಲಚ್ಚಿನಲ್ಲಿ ಹಾಗೆ ಕೊರೆಯುವದಿಲ್ಲ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರಗಳು ಮೂಡುವಂತೆ ಮಾಡಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಬಳಿಕ ಸವರುವ ಮಸಿಯು ಜಿಡ್ಡಿರುವ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಮರುವರುಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಕಂನಡ ಸಮಾಚಾರವೆಂಬ ಹೊಸ ಹೆಸರನ್ನು ಪಡೆಯಿತು.

ಆ ಬಳಿಕ ಕಾಸಮಯೂರರೆಂಬ ನಿವೃತ್ತ ನ್ಯಾಯಾಧಿಪತಿಗಳ ಪ್ರೇರಣೆಯಿಂದಲೂ ಧನಸಹಾಯದಿಂದಲೂ, ಮೊಗ್ಲಿಂಗರು ಹಳೆಯ ಓಲೆಗಳನ್ನು ಕೂಡಿಸಿ, 1848ರಿಂದ 1853ರ ವರೆಗೆ ಕನ್ನಡ ಕಾವ್ಯಮಾಲೆಯನ್ನು ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಅದರಲ್ಲಿ ಸೇರಿದ್ದವು. ನಮ್ಮ ಬಳ್ಳಿಗಾವೆಯ ಹೆಸರಿನೊಡನೆ ಕೂಡಿಬಂದಿರುವ ಅಲ್ಲಮಪ್ರಭುವಿನ ಕಥೆಯೂ ಹೀಗೆ ಓಲೆಯಿಂದ ಕಾಗದಕ್ಕೆ ಇಳಿಯಿತು. ಪರಮತದವರ ಪುರಾಣಗಳನ್ನು ಅಚ್ಚು ಮಾಡುವದಕ್ಕೆ ಒಬ್ಬ ಪಾದ್ರಿಯು ಇಷ್ಟು ಬೆವರು ಸುರಿಸಿದ್ದು ಸಣ್ಣ ಸಂಗತಿಯಲ್ಲ. ಈ ಕಾಲದಲ್ಲಿ ಅವರ ಜತೆಗಾರರಾಗಿದ್ದವರು ಗಾಟ್‌ಫ್ರೀಡ್ ವೈಗ್ಲೆಯವರು. ಸತ್ಯವೇದದ ಕನ್ನಡ ಭಾಷಾಂತರಕ್ಕಾಗಿ ಬಹಳ ಶ್ರಮಿಸಿದ ವೈಗ್ಲೆಯವರ ಪತ್ನಿಯೇ ಪೌಲೀನ ಅಮ್ಮನವರು.

ಆ ದಿನಗಳಲ್ಲಿ ಬಾಸೆಲ್ ಸಂಘದ ಮಿಷನರಿಗಳು ತಮ್ಮಿಷ್ಟದಂತೆ ಮದುವೆಯಾಗುವ ಹಾಗಿರಲಿಲ್ಲ. ಕೆಲವು ವರುಷ ಒಂಟಿಯಾಗಿ ಸೇವೆ ಮಾಡಿ, ಸಂಘದ ಅಪ್ಪಣೆ ಪಡೆಯಬೇಕಾಗಿತ್ತು. ಅನೇಕ ಕನ್ಯೆಯರು ತಾವು ಚೆನ್ನಾಗಿ ಅರಿಯದ ವರನನ್ನು ನಂಬಿ ಹಡಗು ಹತ್ತಿ ಬಂದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ತಾಯಿಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ತಿಂಗಳುಗಳು ಕಳೆದುಹೋಗುತ್ತಿದ್ದವು. ಹೆತ್ತ ಮಕ್ಕಳನ್ನು ಓದುವ ಪ್ರಾಯದಲ್ಲಿ ಯೂರೋಪಿಗೆ ಕಳುಹಿಸುವದು ಸಂಘದ ಪದ್ಧತಿಯಾಗಿತ್ತು. ಪೌಲೀನ ಅಮ್ಮನವರು ಬಂದದ್ದು ಈ ಕಟ್ಟಳೆಗಳ ನಡುವೆ. 1855ರಲ್ಲಿ ವೈಗ್ಲೆಯವರು ತೀರಿಕೊಂಡು, ಪರದೇಶದಲ್ಲಿ ಆಕೆ ವಿಧವೆಯಾದರು. ಕೆಲಕಾಲದ ಮೇಲೆ, ಅಲ್ಲಿಯ ವರೆಗೆ ಒಂಟಿಯಾಗಿದ್ದ ಮೊಗ್ಲಿಂಗರು ತಮ್ಮ ಅಗಲಿದ ಮಿತ್ರನ ಪತ್ನಿಯಾಗಿದ್ದ ಆಕೆಯನ್ನು ವಿವಾಹವಾದರು. ಕನ್ನಡ ನಾಡಿನಲ್ಲಿ ಇಪ್ಪತ್ತು ವರುಷ ಕಳೆದಿದ್ದ ಹಿರಿಯ ಮಿಷನರಿಯ ಸಂಸಾರವು ಹೀಗೆ ಕೊಡಗಿನಲ್ಲಿ ಆರಂಭವಾಯಿತು.

ಮೊಗ್ಲಿಂಗರು ಕೊಡಗಿಗೆ ಹೋದದ್ದು 1853ರಲ್ಲಿ. ಅಲ್ಮಂಡ ಮನೆತನದ ಸೋಮಯ್ಯನೆಂಬ ಕೊಡವನು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿ ಸ್ತೆಫನನೆಂಬ ಹೆಸರು ಪಡೆದು, ಇವರನ್ನು ತನ್ನ ನಾಡಿಗೆ ಕರೆದನು. ಆಗ ಕೊಡಗೂ ನಮ್ಮ ನಗರ ಸೀಮೆಯೂ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರ ಆಡಳಿತಕ್ಕೆ ಒಳಪಟ್ಟಿದ್ದವು. ಕೊಡಗಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಅಸ್ಪೃಶ್ಯ ಜನರಲ್ಲಿ ಎರಡು ಬಗೆಯ ಆಳುಗಳಿದ್ದರು. ಭೂಮಿಗೆ ಕಟ್ಟುಬಿದ್ದವನು ಭೂಮಿ ಜಮ್ಮದ ಆಳು. ಒಡೆಯನ ಮನೆತನಕ್ಕೆ ಕಟ್ಟುಬಿದ್ದು, ಮಾರಿದರೆ ಮಾರಿದ ಕಡೆಗೆ ಹೋಗಬೇಕಾದವನು ಒಕ್ಕಲು ಜಮ್ಮದ ಆಳು. ಗುಲಾಮತನಕ್ಕೆ ನ್ಯಾಯಸ್ಥಾನದ ಆಸರೆಯನ್ನು 1843ರ ಕಾನೂನು ತೆಗೆದುಹಾಕಿತ್ತು. ಆದರೆ ಓದುಬರಹ ಬಾರದ ಆಳಿಗೆ ಕಾನೂನಿನ ಸುದ್ದಿಯನ್ನು ಹೇಳುವವರು ಯಾರು? ಒಡೆಯನನ್ನು ಬಿಟ್ಟರೆ ನಿಲ್ಲುವದಕ್ಕೆ ನೆಲವೆಲ್ಲಿ? ಆ ನೆಲವೇ ಆನಂದಪುರವಾಯಿತು. ಆ ಹೆಸರಿಗೆ ಸಂತೋಷದ ಊರೆಂಬ ಅರ್ಥವುಂಟು; 1844ರಲ್ಲಿ ಕ್ರೈಸ್ತರಾಗಿ ಬಾಸೆಲಿನಲ್ಲಿ ಓದಿಬಂದ ಮಿತ್ರ ಆನಂದರಾವ್ ಕೌಂಡಿನ್ಯರ ಹೆಸರೂ ಅದರಲ್ಲಿ ಅಡಗಿದೆ.

ಅಲ್ಲಿಯ ಬಾಳುವೆಯನ್ನು ನಾನು ಮಲೆನಾಡಿನ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನ ವರೆಗೆ ಬಿಡದು. ಹಳ್ಳಕೊಳ್ಳಗಳು ತುಂಬಿದಾಗ ಕಾಡಿನ ನಡುವಿನ ಊರು ಸಮುದ್ರದ ದ್ವೀಪದ ಹಾಗಾಗುವದು. ಗೊರಬು ಹೊದ್ದು ಹೊರಗೆ ಹೊರಟರೂ ಕಾಲಿಗೆ ಉಂಬಳ ತಪ್ಪದು. ಮಳೆ ಬಿಟ್ಟರೆ ಚಳಿಜ್ವರ. ಸೊರಬದ ಅಜ್ಜಿಯರಿಗೆ ಹೊಸದಲ್ಲದ ಈ ಕಷ್ಟ, ಹಿಮದ ದೇಶದಿಂದ ಬಂದವರಿಗೆ ಹೇಗಿದ್ದೀತೆಂದು ನೀವೇ ಎಣಿಸಿಕೊಳ್ಳಿರಿ.

ಮಿಷನ್ ಮನೆಯ ದಿನವು ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದ ಮುಗಿಯುತ್ತಿತ್ತು. ಅವೆರಡರ ನಡುವಿನ ಹೊತ್ತೆಲ್ಲ ಕೆಲಸಕ್ಕೆ ಮೀಸಲು. ಗದ್ದೆಯ ಬೇಸಾಯದ ಜತೆಗೆ ಕಾಫಿಯ ತೋಟವೂ ಅಲ್ಲಿ ಬೆಳೆಯಿತು. ಕೊಡಗಿನಲ್ಲಿ ಯೂರೋಪಿಯನರ ಮೊದಲ ಕಾಫಿ ತೋಟವು 1854ರಲ್ಲಿ ಮಡಿಕೇರಿಯ ಹತ್ತಿರ ಆರಂಭವಾಗಿತ್ತಷ್ಟೆ. ಕಾಫಿಯ ಸಸಿ ಮಳೆಗಾಲದಲ್ಲಿ ನೆಟ್ಟರೆ ಮೂರು ನಾಲ್ಕು ವರುಷಗಳ ಮೇಲೆ ಫಲ ಕೊಡುತ್ತದೆ. ಅಷ್ಟು ಕಾಲ ಹಸಿದ ಊರನ್ನು ಸಾಕುವ ಚಿಂತೆ ಯಜಮಾನನದು. ಮಿಷನರಿಯ ಹೆಂಡತಿಗೆ ಸಂಬಳವಿರಲಿಲ್ಲ, ಪದವಿಯಿರಲಿಲ್ಲ. ಆದರೂ ಹೆಣ್ಣುಮಕ್ಕಳಿಗೆ ಅಕ್ಷರ ಮತ್ತು ಹೊಲಿಗೆ ಕಲಿಸುವದು, ಜ್ವರದವರಿಗೆ ಔಷಧ ಕೊಡುವದು, ಬಾಣಂತಿಯರನ್ನು ವಿಚಾರಿಸುವದು, ಬಂದ ಅತಿಥಿಗಳಿಗೆ ಅನ್ನವಿಕ್ಕುವದು, ಇವೆಲ್ಲ ಆಕೆಯ ಪಾಲಿನವೇ ಎಂದು ಸಂಘದವರು ಎಣಿಸಿದ್ದರು.

ಮರೆಮಾಚದೆ ಇನ್ನೊಂದು ಮಾತನ್ನೂ ಹೇಳಬೇಕು. ದುಡಿಯುವ ಕೈಗಳನ್ನು ಕಳಕೊಂಡ ಒಡೆಯರಿಗೆ ಪಾದ್ರಿಗಳ ಮೇಲೆ ಕೋಪ ಬಂದದ್ದು ಸಹಜ. ಮತ್ತು ಮಿಷನ್ ನೆಲದಲ್ಲಿ ನೆಲಸಿದ ಬಡವರು ಒಬ್ಬ ಒಡೆಯನನ್ನು ಬಿಟ್ಟು ಇನ್ನೊಬ್ಬರ ಆಶ್ರಯಕ್ಕೆ ಬಂದರೇ ಹೊರತು, ನೆಲಕ್ಕೆ ತಾವೇ ಧಣಿಗಳಾಗಲಿಲ್ಲ. ಆದರೆ ಮಾರಲ್ಪಡುತ್ತಿದ್ದ ತಾಯಿಯ ಮಗಳು ಆ ಊರಿನಲ್ಲಿ ಸ್ಲೇಟು ಹಿಡಿದು ಕುಳಿತಳೆಂಬುವದನ್ನೂ ತಕ್ಕಡಿಯಲ್ಲಿ ಇಡಬೇಕು.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಮೊಗ್ಲಿಂಗರ ಕನ್ನಡ ಸೇವೆಯನ್ನು ಮೆಚ್ಚಿ ಡಾಕ್ಟರ್ ಪದವಿಯನ್ನು ಕೊಟ್ಟಿತು. ಬಿಡುಗಡೆ ಹೊಂದಿದ ಆಳುಗಳ ನಡುವೆ ವಾಸವಾಗಿದ್ದವನನ್ನು ಆ ಗೌರವ ಹುಡುಕಿಕೊಂಡು ಬಂತು. ಎರಡು ವರುಷ ಕಳೆಯುವಷ್ಟರಲ್ಲಿ ಪೌಲೀನ ಅಮ್ಮನವರ ದೇಹಸ್ಥಿತಿಯು ಕೆಟ್ಟಿತು. ಆಗ ಮೊಗ್ಲಿಂಗರ ಮುಂದೆ ಎರಡು ದಾರಿಗಳಿದ್ದವು. ಇಪ್ಪತ್ತನಾಲ್ಕು ವರುಷ ದುಡಿದ ನಾಡು, ಆಡಿದ ಭಾಷೆ, ಇನ್ನೂ ಎಳೆಯದಾದ ಊರು ಒಂದು ಕಡೆ. ಹೆಂಡತಿಯ ಪ್ರಾಣ ಇನ್ನೊಂದು ಕಡೆ. ಅವರು ಹೆಂಡತಿಯನ್ನು ಕರಕೊಂಡು 1860ರಲ್ಲಿ ಸ್ವದೇಶಕ್ಕೆ ಹೊರಟರು, ಮತ್ತೆ ಹಿಂದಿರುಗಲಿಲ್ಲ. ಕನ್ನಡದ ಮೇಲಿನ ಪ್ರೀತಿಯನ್ನಾದರೂ ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿದರು, 1866ರಲ್ಲಿ ಕೊಡಗಿನ ವಿಷಯವಾದ ಪುಸ್ತಕವೂ ಹೊರಬಂತು. 1881ನೆಯ ಇಸವಿ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ತಮ್ಮ ಎಪ್ಪತ್ತನೆಯ ವರುಷದಲ್ಲಿ ಕಣ್ಮುಚ್ಚಿದರು.

ದೊಡ್ಡವರ ಚರಿತ್ರೆಯನ್ನು ಬರೆಯುವವರು ಹೆಂಡತಿಯ ಕಾಯಿಲೆಯನ್ನು ಒಂದೇ ಸಾಲಿನಲ್ಲಿ ಹೇಳಿ, ಅದರಿಂದ ದೊಡ್ಡ ಕೆಲಸ ನಿಂತಿತೆಂದು ಮರುಗುತ್ತಾರೆ. ನಾನು ಹಾಗೆ ಮರುಗಲಾರೆನು. ಇಬ್ಬರು ಗಂಡಂದಿರ ಕನ್ನಡ ಸೇವೆಗೂ ಮನೆಯ ಆಸರೆಯಾಗಿ ನಿಂತ ಸ್ತ್ರೀಗೆ ಒಬ್ಬ ಗಂಡನು ತನ್ನ ಕೆಲಸವನ್ನು ಬಿಟ್ಟು ಆಸರೆಯಾದನು. ಇದೂ ಆತನ ಸೇವೆಯ ಒಂದು ಭಾಗವೇ.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಮೇಲಿನ ತರಗತಿಯಲ್ಲಿದ್ದಾಳೆ. ಮುಂದಿನ ಜುಲೈ 1ರ ಸಭೆಯಲ್ಲಿ ಮೊಗ್ಲಿಂಗರ ವಿಷಯ ಮಾತನಾಡುವ ಸರದಿ ಅವಳದು. ಪೌಲೀನ ಅಮ್ಮನವರ ಹೆಸರನ್ನೂ ಹೇಳಬೇಕೆಂದು ಅವಳಿಗೆ ತಿಳಿಸಿದ್ದೇನೆ.