ಸೆಪ್ಟಿಮಾ ಕ್ಲಾರ್ಕ್: ಅಕ್ಷರದಿಂದ ಹಕ್ಕಿನೆಡೆಗೆ

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವೆಂದೊಡನೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ನೆನಪಾಗುವುದು ಸಹಜ. ಆ ಹೋರಾಟವನ್ನು ಹಳ್ಳಿಗಳಲ್ಲಿ ಬೇರೂರಿಸಿದವರಲ್ಲಿ ಪ್ರಮುಖರು, ಶಿಕ್ಷಕಿ ಸೆಪ್ಟಿಮಾ ಪಾಯಿನ್‌ಸೆಟ್ ಕ್ಲಾರ್ಕ್.

ಅವರು ಜನಿಸಿದ್ದು 1898ರ ಮೇ 3ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ. ತಂದೆ ಗುಲಾಮರಾಗಿ ಹುಟ್ಟಿದವರು. 1916ರಲ್ಲಿ ಸೆಪ್ಟಿಮಾ ವ್ಯಾಸಂಗ ಮುಗಿಸಿದಾಗ ನಗರದ ಸಾರ್ವಜನಿಕ ಶಾಲೆಗಳು ಕಪ್ಪು ಶಿಕ್ಷಕರನ್ನು ನೇಮಿಸಿಕೊಳ್ಳುತ್ತಿರಲಿಲ್ಲ. ಆದುದರಿಂದ ಅವರು ಸಮೀಪದ ಜಾನ್ಸ್ ದ್ವೀಪದ ಶಾಲೆಗೆ ಹೋದರು. ಮಕ್ಕಳಿಗೆ ಕಲಿಸುತ್ತಲೇ ನಿರಕ್ಷರಿ ವಯಸ್ಕರಿಗೂ ಓದುಬರಹ ಹೇಳಿಕೊಟ್ಟರು. 1919ರಲ್ಲಿ ಈ ನೇಮಕಾತಿ ನಿಷೇಧದ ವಿರುದ್ಧ ಮನೆಮನೆಗೆ ತೆರಳಿ ಸಹಿ ಸಂಗ್ರಹಿಸಿದರು. ಮರುವರ್ಷವೇ ನಿಷೇಧ ತೆರವಾಯಿತು. ಕಪ್ಪು ಶಿಕ್ಷಕರಿಗೆ ಸಮಾನ ವೇತನ ದೊರಕಿಸುವ ಹೋರಾಟದಲ್ಲಿಯೂ ಅವರು ಪಾಲ್ಗೊಂಡರು.

1956ರಲ್ಲಿ ಅವರ ಬದುಕಿನ ಕಠಿಣ ಪರೀಕ್ಷೆ ಎದುರಾಯಿತು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯ ಸದಸ್ಯರು ಸರ್ಕಾರಿ ನೌಕರಿಯಲ್ಲಿರಕೂಡದೆಂದು ರಾಜ್ಯವು ಕಾನೂನು ಮಾಡಿತು. ಸದಸ್ಯತ್ವವನ್ನು ಬಿಡಲು ಒಪ್ಪದ ಸೆಪ್ಟಿಮಾ, ಸುಮಾರು ನಾಲ್ಕು ದಶಕಗಳ ಸೇವೆಯ ಬಳಿಕ ಕೆಲಸವನ್ನೂ ನಿವೃತ್ತಿವೇತನವನ್ನೂ ಕಳೆದುಕೊಂಡರು.

ಆಗ ಆಶ್ರಯವಿತ್ತದ್ದು ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆ. ಮತದಾರರಾಗಲು ಸಂವಿಧಾನದ ಭಾಗವೊಂದನ್ನು ಓದಿ ತೋರಿಸಬೇಕೆಂಬ ನಿಯಮವು ಕಪ್ಪು ಜನರನ್ನು ಮತಗಟ್ಟೆಯಿಂದ ದೂರವಿಟ್ಟಿತ್ತು. ಇದನ್ನು ಎದುರಿಸಲು 1957ರ ಜನವರಿಯಲ್ಲಿ ಜಾನ್ಸ್ ದ್ವೀಪದಲ್ಲಿ ಮೊದಲ ಪೌರತ್ವ ಶಾಲೆ ಆರಂಭವಾಯಿತು. ಮುಂದೆ ಕಿರಾಣಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಕಲಿಸಿದವರು ಬರ್ನಿಸ್ ರಾಬಿನ್ಸನ್, ವೃತ್ತಿಯಿಂದ ಕೇಶಾಲಂಕಾರಕಿ. ವಿದ್ಯಾರ್ಥಿಗಳನ್ನು ಕೀಳಾಗಿ ಕಾಣದವರು ಬೇಕೆಂದೇ ಸೆಪ್ಟಿಮಾ ಅವರನ್ನು ಆರಿಸಿದ್ದರು. ಹೆಸರು ಬರೆಯುವುದು, ಅರ್ಜಿ ತುಂಬುವುದು, ಬೈಬಲ್ ಓದುವುದು, ಹೀಗೆ ಕಲಿಯುವವರ ಅಗತ್ಯವೇ ಅಲ್ಲಿ ಪಠ್ಯವಾಯಿತು.

1961ರಲ್ಲಿ ಈ ಕಾರ್ಯಕ್ರಮ ಕಿಂಗ್ ಅವರ ಸಂಘಟನೆಗೆ ವರ್ಗವಾಗಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿತು. ಸಾವಿರಾರು ಸಾಮಾನ್ಯರು ಶಿಕ್ಷಕರಾಗಿ ತರಬೇತಿ ಪಡೆದರು. ಆದರೆ ಅದೇ ಸಂಘಟನೆಯ ಪುರುಷ ಮುಖಂಡರು ಮಹಿಳೆಯರ ಮಾತಿಗೆ ಬೆಲೆ ಕೊಡದಿದ್ದುದನ್ನು ಸೆಪ್ಟಿಮಾ ಮುಚ್ಚಿಡಲಿಲ್ಲ. ವರ್ಣಭೇದವನ್ನು ಎದುರಿಸಿದ ಚಳವಳಿಯೊಳಗಿನ ಲಿಂಗಭೇದವನ್ನೂ ಅವರು ಗುರುತಿಸಿದರು.

1975ರಲ್ಲಿ ಅವರು ಚಾರ್ಲ್ಸ್‌ಟನ್ ಶಾಲಾ ಮಂಡಳಿಗೆ ಚುನಾಯಿತರಾದರು. ಮರುವರ್ಷ ನಿವೃತ್ತಿವೇತನವೂ ಮರಳಿ ಮಂಜೂರಾಯಿತು. 1987ರ ಡಿಸೆಂಬರ್ 15ರಂದು ನಿಧನರಾದರು. ಅಕ್ಷರವನ್ನು ದಾನವೆಂದು ನೀಡದೆ, ಪ್ರಜೆಯ ಅಧಿಕಾರವೆಂದು ಹಂಚಿದುದೇ ಅವರ ಶಿಕ್ಷಕವೃತ್ತಿಯ ಹಿರಿಮೆ. ಸಾಕ್ಷರತೆಯನ್ನು ಕುರಿತು ಚಿಂತಿಸುವವರೆಲ್ಲರೂ ಅವರ ಬದುಕನ್ನು ಅರಿಯಬೇಕಾಗಿದೆ.