ಮುದ್ರಕ ರಿಚರ್ಡ್ ಫೀಲ್ಡ್

ಸ್ಟ್ರಾಟ್‌ಫರ್ಡ್ ಎಂದೊಡನೆ ನಮಗೆ ನೆನಪಾಗುವವನು ಒಬ್ಬನೇ. ಆದರೆ ಏವನ್ ನದಿಯ ದಡದ ಆ ಪುಟ್ಟ ಪಟ್ಟಣದಿಂದ ಹೊರಟು, ಷೇಕ್ಸ್‌ಪಿಯರನಿಗಿಂತ ಮೊದಲೇ ಲಂಡನ್ನಿನಲ್ಲಿ ನೆಲೆಯೂರಿದವನು ರಿಚರ್ಡ್ ಫೀಲ್ಡ್. 1561ರಲ್ಲಿ ಹುಟ್ಟಿದ ಇವನು ಕವಿಗಿಂತ ಸುಮಾರು ಎರಡೂವರೆ ವರ್ಷ ಹಿರಿಯ. ತಂದೆ ಹೆನ್ರಿ ಚರ್ಮ ಹದಮಾಡುವವನು. ಕವಿಯ ತಂದೆ ಜಾನ್ ಕೈಗವಸು ಹೊಲಿಯುವವನು. 1592ರಲ್ಲಿ ಹೆನ್ರಿ ತೀರಿಕೊಂಡಾಗ ಅವನ ಸಾಮಾನುಗಳಿಗೆ ಬೆಲೆ ಕಟ್ಟಿದವರಲ್ಲಿ ಜಾನನೂ ಇದ್ದನು.

1579ರಲ್ಲಿ ಫೀಲ್ಡ್ ಏಳು ವರ್ಷಗಳ ಕರಾರಿನ ಮೇಲೆ ಕಸಬು ಕಲಿಯಲು ಸೇರಿದನು. ಕರಾರು ಜಾರ್ಜ್ ಬಿಷಪ್ ಎಂಬ ಪ್ರಕಾಶಕನೊಡನೆ. ಆದರೆ ಮೊದಲ ಆರು ವರ್ಷ ಥಾಮಸ್ ವೋಟ್ರೊಲಿಯೆಯ ಬಳಿ ದುಡಿಯಬೇಕೆಂದು ಗೊತ್ತಾಯಿತು. ಇದು ಹುಡುಗನ ಪುಣ್ಯವೆನ್ನಬೇಕು. ಸ್ವಮತಕ್ಕಾಗಿ ಫ್ರಾನ್ಸನ್ನು ತೊರೆದು ಬಂದು ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಅಚ್ಚುಕೂಟ ತೆರೆದಿದ್ದ ಈತನು ಆ ಕಾಲದ ಲಂಡನ್ನಿನ ಶ್ರೇಷ್ಠ ಮುದ್ರಕರಲ್ಲೊಬ್ಬ. ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲುಗೂಡಿಸುವುದು, ಮಸಿ ಹಚ್ಚುವುದು, ಹಿಡಿಯೆಳೆದು ಹಾಳೆಯೊತ್ತುವುದು, ಕೆಲಸ ಮುಗಿದ ಮೊಳೆಗಳನ್ನು ಮತ್ತೆ ಮನೆಮನೆಗೆ ಹಂಚುವುದು: ಕೈಗೂ ಕಣ್ಣಿಗೂ ಬಿಡುವಿಲ್ಲದ ವಿದ್ಯೆ ಅದು.

1587ರಲ್ಲಿ ಫೀಲ್ಡ್ ಸ್ವತಂತ್ರನಾದನು. ಅದೇ ವರ್ಷ ಗುರುವು ಮರಣ ಹೊಂದಿದನು. ಹಿಂದಿನ ವರ್ಷವಷ್ಟೇ ಸರಕಾರವು ಹೊಸ ಅಚ್ಚುಕೂಟಗಳಿಗೆ ಕಟ್ಟುನಿಟ್ಟಾದ ತಡೆ ಹಾಕಿತ್ತು. ಕಸಬು ಬಲ್ಲವನಾದರೂ ಯಂತ್ರ ಹೂಡುವುದು ಸುಲಭವಿರಲಿಲ್ಲ. ಫೀಲ್ಡ್ ಗುರುವಿನ ವಿಧವೆ ಜಾಕ್ವೆಲಿನಳನ್ನು ವರಿಸಿದನು. ಗಂಡ ಸ್ಕಾಟ್ಲೆಂಡಿಗೆ ಹೋಗಿದ್ದಾಗ ಅಚ್ಚುಕೂಟವನ್ನು ನಡೆಸಿದ್ದ ಗಟ್ಟಿಗಿತ್ತಿ ಆಕೆ. ಇದು ಒಲವೋ ವ್ಯವಹಾರವೋ ಎಂದು ನಾವೇಕೆ ಕೆದಕಬೇಕು?

1591ರಲ್ಲಿ ಅವನು ಅಚ್ಚಿಸಿದ, ಹ್ಯಾರಿಂಗ್ಟನ್ ಅನುವಾದಿಸಿದ ಅರಿಯಾಸ್ಟೊನ ಕಾವ್ಯವು ತಾಮ್ರಫಲಕದ ಚಿತ್ರಗಳಿಂದ ಶೋಭಿಸುತ್ತದೆ. ಆಮೇಲೆ ಪ್ಲೇಗು ಬಂದು ನಾಟಕಶಾಲೆಗಳು ಮುಚ್ಚಿದವು. ಕೆಲಸವಿಲ್ಲದ ನಟಕವಿಯ ‘ವೀನಸ್ ಮತ್ತು ಅಡೋನಿಸ್’ ಕಾವ್ಯವು 1593ರಲ್ಲಿ ಫೀಲ್ಡನ ಅಚ್ಚುಕೂಟದಿಂದ ಹೊರಬಿತ್ತು. ಮುಖಪುಟದಲ್ಲಿ ಕವಿಯ ಹೆಸರಿಲ್ಲ. ಒಳಗೆ ಸೌಥಾಂಪ್ಟನ್ನಿನ ಅರ್ಲನಿಗೆ ಬರೆದ ಅರ್ಪಣೆಯ ಕೆಳಗಿದೆ. ವಿಲಿಯಂ ಷೇಕ್ಸ್‌ಪಿಯರ್ ಎಂಬ ಹೆಸರು ಗ್ರಂಥಕರ್ತನದಾಗಿ ಅಚ್ಚಾದುದು ಅದೇ ಮೊದಲು. ಮುಂದೆ ಇತರರ ಕೈಯಲ್ಲಿ ಆ ಕವಿಯ ಎಷ್ಟೋ ನಾಟಕಗಳು ಪಟ್ಟ ಪಾಡನ್ನು ಬಲ್ಲವರಿಗೆ ಇಲ್ಲಿನ ಅಚ್ಚುಕಟ್ಟು ಕಣ್ಣಿಗೆ ಹಬ್ಬ. ಮರುವರ್ಷ ‘ಲುಕ್ರೀಸ್’ ಬಂದಿತು.

ಇಂಥವನು 1596ರಲ್ಲಿ ಮಾಡಿದುದು ಓದುಗರನ್ನು ಬೆರಗುಗೊಳಿಸುತ್ತದೆ. ಜೇಮ್ಸ್ ಬರ್ಬೇಜನು ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ನಾಟಕಶಾಲೆ ತೆರೆಯಲು ಹೊರಟನು. ಅದು ಷೇಕ್ಸ್‌ಪಿಯರನ ತಂಡದ ಹಿತಕ್ಕಾಗಿಯೇ. ಜನಜಂಗುಳಿ, ಪ್ಲೇಗಿನ ಭಯ, ನಗಾರಿ ಕಹಳೆಗಳ ಸದ್ದು ಇವನ್ನು ಮುಂದಿಟ್ಟು ನಿವಾಸಿಗಳು ವಿರೋಧದ ಅರ್ಜಿ ಸಲ್ಲಿಸಿದರು. ಸಹಿದಾರರಲ್ಲಿ ಫೀಲ್ಡನೂ ಒಬ್ಬ. ಯೋಜನೆ ನಿಂತಿತು. ಇದನ್ನು ಮಿತ್ರದ್ರೋಹವೆನ್ನಲು ನನಗೆ ಮನಸ್ಸಿಲ್ಲ. ಮನೆಯೂ ಕಸಬೂ ಅಲ್ಲಿಯೇ ಇದ್ದ ಗೃಹಸ್ಥನವನು. ನಾಟಕವನ್ನು ದೂರದಿಂದ ಮೆಚ್ಚುವುದು ಬೇರೆ, ಗೋಡೆಯಾಚೆ ಸಹಿಸುವುದು ಬೇರೆ. ಕವಿಯ ಒಂದು ನಾಟಕವನ್ನೂ ಅವನು ಅಚ್ಚಿಸಲಿಲ್ಲವೆಂಬುದಂತೂ ನಿಜ.

ಸ್ಪ್ಯಾನಿಷ್ ಪುಸ್ತಕಗಳಲ್ಲಿ ಅವನು ತನ್ನ ಹೆಸರನ್ನು ರಿಕಾರ್ಡೊ ಡೆಲ್ ಕಾಂಪೊ ಎಂದು ಹಾಕುತ್ತಿದ್ದನು. ಕಾಂಪೊ ಎಂದರೂ ಬಯಲೇ, ಫೀಲ್ಡ್ ಎಂದರೂ ಬಯಲೇ. ‘ಸಿಂಬಲೀನ್’ ನಾಟಕದಲ್ಲಿ ವೇಷ ಮರೆಸಿದ ಇಮೊಜೆನ್ ತನ್ನ ಒಡೆಯನೆಂದು ಕಲ್ಪಿಸಿ ಹೇಳುವ ರಿಚರ್ಡ್ ದ್ಯು ಷಾಂ ಎಂಬ ಹೆಸರು ಇದರದೇ ಫ್ರೆಂಚ್ ರೂಪ. ಊರಿನ ಗೆಳೆಯನಿಗೆ ಕವಿ ಕಳುಹಿಸಿದ ನಗೆಯಿದೆಂದು ವಿದ್ವಾಂಸರು ಊಹಿಸಿದ್ದಾರೆ. ಅರ್ಜಿಯ ಕಹಿ ಅಲ್ಲಿ ಕಾಣದು.

ಪುಸ್ತಕೋದ್ಯಮಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಗೆ ಫೀಲ್ಡ್ 1619ರಲ್ಲಿಯೂ 1622ರಲ್ಲಿಯೂ ಅಧ್ಯಕ್ಷನಾದನು. 1623ರಲ್ಲಿ ಷೇಕ್ಸ್‌ಪಿಯರನ ನಾಟಕಗಳ ಮಹಾಸಂಪುಟವು ಜ್ಯಾಗರ್ಡನ ಅಚ್ಚುಕೂಟದಿಂದ ಹೊರಬಂದಿತು. ಮರುವರ್ಷ ಫೀಲ್ಡ್ ತೀರಿಕೊಂಡನು.