ಗೊಟ್‌ಲೋಬ್ ಫ್ರೇಗೆ: ತರ್ಕ ಮತ್ತು ಭಾಷೆಗಳ ನಡುವಿನ ಒಂದು ಬದುಕು

ಗಣಕ ಭಾಷಾವಿಜ್ಞಾನ ಹಾಗೂ ಗಣಕ ತರ್ಕಶಾಸ್ತ್ರಗಳು ಇಂದು ವಿಶ್ವವಿದ್ಯಾನಿಲಯಗಳಲ್ಲಿ ನೆಲೆಗೊಂಡಿರುವ ಶಿಸ್ತುಗಳಾಗಿವೆ. ವಾಕ್ಯವೊಂದರ ಅರ್ಥವನ್ನು ನಿಯಮಬದ್ಧವಾಗಿ, ಹಂತಹಂತವಾಗಿ ಲೆಕ್ಕಹಾಕಲು ಸಾಧ್ಯ ಎಂಬ ನಂಬಿಕೆಯ ಮೇಲೆ ಇವೆರಡರ ಬಹುಪಾಲು ನಿಂತಿದೆ. ಈ ನಂಬಿಕೆಗೆ ಖಚಿತವಾದ ರೂಪ ಕೊಟ್ಟವರಲ್ಲಿ ಜರ್ಮನಿಯ ಗಣಿತಜ್ಞ ಗೊಟ್‌ಲೋಬ್ ಫ್ರೇಗೆ ಮೊದಲಿಗನು. ಆದರೆ ಆತನ ಜೀವಿತಕಾಲದಲ್ಲಿ ಈ ಕೆಲಸಕ್ಕೆ ದೊರೆತದ್ದು ಮನ್ನಣೆಯಲ್ಲ, ನಿರಾಕರಣೆ. ಹೊಸ ಚಿಂತನೆಯೊಂದು ವಿದ್ವತ್ ಪತ್ರಿಕೆಗಳ ಬಾಗಿಲಲ್ಲಿ ಎದುರಿಸುವ ಸಂಕಟವನ್ನು ಅರಿಯಲು ಆತನ ಬದುಕು ಗಮನಾರ್ಹವಾದ ನಿದರ್ಶನವಾಗಿದೆ.

ಫ್ರೇಗೆ 1848ರ ನವೆಂಬರ್ 8ರಂದು ಬಾಲ್ಟಿಕ್ ಕರಾವಳಿಯ ವಿಸ್ಮಾರ್ ಪಟ್ಟಣದಲ್ಲಿ ಜನಿಸಿದನು. ತಂದೆ ಅಲ್ಲಿಯ ಬಾಲಕಿಯರ ಶಾಲೆಯೊಂದರ ಮುಖ್ಯಸ್ಥರಾಗಿದ್ದರು. 1866ರಲ್ಲಿ ಅವರು ತೀರಿಕೊಂಡರು. 1869ರಲ್ಲಿ ಯೇನಾ ವಿಶ್ವವಿದ್ಯಾನಿಲಯವನ್ನು ಸೇರಿದ ಫ್ರೇಗೆ, ಮುಂದೆ ಗೋಟಿಂಗೆನ್‌ನಲ್ಲಿ ವ್ಯಾಸಂಗ ಮುಂದುವರಿಸಿ, 1873ರಲ್ಲಿ ರೇಖಾಗಣಿತದ ವಿಷಯದಲ್ಲಿ ಡಾಕ್ಟರೇಟ್ ಪದವಿ ಪಡೆದನು. ಮರುವರ್ಷವೇ ಯೇನಾದಲ್ಲಿ ಬೋಧಕನಾಗಿ ನೇಮಕಗೊಂಡನಾದರೂ ಆ ಹುದ್ದೆಗೆ ಸಂಬಳವಿರಲಿಲ್ಲ. ಐದು ವರ್ಷಗಳ ಕಾಲ ತಾಯಿಯ ಆಸರೆಯಲ್ಲಿಯೇ ಆತನ ಜೀವನ ಸಾಗಿತು. ಭೌತವಿಜ್ಞಾನಿ ಅರ್ನ್‌ಸ್ಟ್ ಆಬೆ ಈ ಅವಧಿಯಲ್ಲಿಯೂ ನಂತರವೂ ಆತನಿಗೆ ಬೆಂಬಲವಾಗಿ ನಿಂತನು.

1879ರಲ್ಲಿ ಪ್ರಕಟವಾದ ‘ಬೆಗ್ರಿಫ್ಸ್‌ಶ್ರಿಫ್ಟ್’, ಅಂದರೆ ಪರಿಕಲ್ಪನಾಲಿಪಿ, ನೂರು ಪುಟಗಳನ್ನೂ ಮೀರದ ಕೃತಿ. ಅಂಕಗಣಿತದ ಸಾಧನೆಗಳಲ್ಲಿ ಊಹೆಯಾಗಲಿ ಅಂತಃಸ್ಫುರಣೆಯಾಗಲಿ ನುಸುಳದಂತೆ ನೋಡಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಆಡುಭಾಷೆ ಇದಕ್ಕೆ ಸಾಲದೆಂದು ಮನಗಂಡ ಫ್ರೇಗೆ ಹೊಸದೊಂದು ಲಿಪಿಯನ್ನೇ ರೂಪಿಸಿದನು. ಅರಿಸ್ಟಾಟಲನಿಂದ ಬಂದ ತರ್ಕಪರಂಪರೆ ವಾಕ್ಯವನ್ನು ಉದ್ದೇಶ್ಯ ಮತ್ತು ವಿಧೇಯಗಳೆಂದು ಒಡೆಯುತ್ತಿತ್ತು. ಫ್ರೇಗೆ ಇದನ್ನು ಕೈಬಿಟ್ಟು, ಗಣಿತದ ಫಲನದ ಮಾದರಿಯನ್ನು ವಾಕ್ಯಕ್ಕೆ ಅನ್ವಯಿಸಿದನು. ಕ್ರಿಯಾಪದವು ಖಾಲಿ ಸ್ಥಾನಗಳುಳ್ಳ ಅಪೂರ್ಣ ಘಟಕ. ನಾಮಪದಗಳು ಆ ಸ್ಥಾನಗಳನ್ನು ತುಂಬಿದಾಗ ವಾಕ್ಯ ಪೂರ್ಣವಾಗುತ್ತದೆ. ಇದರ ಜೊತೆಗೆ ಪರಿಮಾಣವಾಚಕಗಳನ್ನು ಪ್ರತ್ಯೇಕ ಚಿಹ್ನೆಯ ಮೂಲಕ ನಿರ್ವಹಿಸುವ ಕ್ರಮವನ್ನೂ ಆತ ಕಂಡುಕೊಂಡನು.

ಇದರ ಮಹತ್ವವನ್ನು ಕನ್ನಡದ ವಾಕ್ಯವೊಂದರ ಮೂಲಕವೇ ತಿಳಿಯಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಗ್ರಂಥವನ್ನು ಓದಿದ್ದಾನೆ ಎಂಬ ವಾಕ್ಯಕ್ಕೆ ಎರಡು ಅರ್ಥಗಳು ಸಾಧ್ಯ. ಒಬ್ಬೊಬ್ಬನೂ ಬೇರೆ ಬೇರೆ ಗ್ರಂಥವನ್ನು ಓದಿರಬಹುದು. ಎಲ್ಲರೂ ಓದಿದ್ದು ಒಂದೇ ಗ್ರಂಥವೂ ಆಗಿರಬಹುದು. ಉದ್ದೇಶ್ಯ-ವಿಧೇಯ ವಿಭಜನೆಯಿಂದ ಈ ವ್ಯತ್ಯಾಸವನ್ನು ತೋರಿಸಲಾಗುವುದಿಲ್ಲ. ಫ್ರೇಗೆಯ ಲಿಪಿಯಲ್ಲಿ ಪರಿಮಾಣವಾಚಕಗಳಲ್ಲಿ ಯಾವುದು ಯಾವುದರ ವ್ಯಾಪ್ತಿಯೊಳಗೆ ಬರುತ್ತದೆ ಎಂಬುದರ ಮೇಲೆ ಎರಡೂ ಅರ್ಥಗಳು ಸ್ಪಷ್ಟವಾಗಿ ಬೇರ್ಪಡುತ್ತವೆ.

ಸಮಕಾಲೀನರು ಇದನ್ನು ಗ್ರಹಿಸಲಿಲ್ಲ. ಪುಟದ ಮೇಲೆ ಅಡ್ಡಕ್ಕೂ ಉದ್ದಕ್ಕೂ ಹರಡಿಕೊಳ್ಳುವ ಆ ಲಿಪಿ ಓದುಗರಿಗೂ ಮುದ್ರಕರಿಗೂ ತೊಡಕಾಗಿತ್ತು. ಅರ್ನ್‌ಸ್ಟ್ ಶ್ರೋಡರ್, ಜಾನ್ ವೆನ್ ಮುಂತಾದ ವಿಮರ್ಶಕರು ಜಾರ್ಜ್ ಬೂಲನ ಬೀಜಗಣಿತೀಯ ತರ್ಕದ ಮುಂದೆ ಇದು ಅನಗತ್ಯವೆಂದೇ ಭಾವಿಸಿದರು. ಈ ಆಕ್ಷೇಪಕ್ಕೆ ಉತ್ತರವಾಗಿ ಫ್ರೇಗೆ 1880-81ರಲ್ಲಿ, ಬೂಲನ ಪದ್ಧತಿಯನ್ನೂ ತನ್ನದನ್ನೂ ಹೋಲಿಸುವ ದೀರ್ಘ ಪ್ರಬಂಧವೊಂದನ್ನು ರಚಿಸಿದನು. ಅದನ್ನು ಒಂದಾದ ಮೇಲೊಂದರಂತೆ ಮೂರು ಪತ್ರಿಕೆಗಳಿಗೆ ಕಳುಹಿಸಿದನು. ಎರಡು ಗಣಿತ ಪತ್ರಿಕೆಗಳು, ಒಂದು ತತ್ತ್ವಶಾಸ್ತ್ರ ಪತ್ರಿಕೆ. ಮೂರೂ ಅದನ್ನು ಹಿಂದಿರುಗಿಸಿದವು. ಗಣಿತ ಮತ್ತು ತತ್ತ್ವಶಾಸ್ತ್ರಗಳೆರಡಕ್ಕೂ ಸೇರಿದ್ದ ಬರಹಕ್ಕೆ ಎರಡೂ ಕಡೆ ಜಾಗ ಸಿಗದೆ ಹೋಯಿತು. ಆ ಪ್ರಬಂಧ ಅಚ್ಚು ಕಂಡದ್ದು ಆತನ ಮರಣಾನಂತರದ ಬರಹಗಳ ಸಂಪುಟದಲ್ಲಿ, 1969ರಲ್ಲಿ.

ಈ ಸೋಲಿನ ಪರಿಣಾಮ ಬರವಣಿಗೆಯ ಕ್ರಮದ ಮೇಲಾಯಿತು. 1884ರ ‘ಅಂಕಗಣಿತದ ಅಡಿಪಾಯಗಳು’ ಕೃತಿಯಲ್ಲಿ ಫ್ರೇಗೆ ಚಿಹ್ನೆಗಳನ್ನು ಬದಿಗಿಟ್ಟು ಸರಳ ಗದ್ಯದಲ್ಲಿ ವಾದಿಸಿದನು. ಪದದ ಅರ್ಥವನ್ನು ಬಿಡಿಯಾಗಿ ಅಲ್ಲ, ವಾಕ್ಯದ ಸಂದರ್ಭದಲ್ಲಿಯೇ ಅರಸಬೇಕೆಂಬ ತತ್ತ್ವವನ್ನು ಅಲ್ಲಿ ಮಂಡಿಸಿದ್ದಾನೆ. ಭಾರತೀಯ ಮೀಮಾಂಸೆಯಲ್ಲಿ ಪ್ರಾಭಾಕರರ ಅನ್ವಿತಾಭಿಧಾನವಾದವೂ ಪದಗಳು ಪರಸ್ಪರ ಅನ್ವಯಗೊಂಡ ಅರ್ಥವನ್ನೇ ಹೇಳುತ್ತವೆ ಎನ್ನುತ್ತದೆ. ಬಿಡಿಪದಗಳ ಅರ್ಥಗಳು ಕೂಡಿ ವಾಕ್ಯಾರ್ಥವಾಗುತ್ತದೆಂಬ ಭಾಟ್ಟರ ಅಭಿಹಿತಾನ್ವಯವಾದವಾದರೋ, ಫ್ರೇಗೆಯ ಹೆಸರಿನೊಡನೆ ಮುಂದೆ ಬೆಸೆದುಕೊಂಡ ಇನ್ನೊಂದು ತತ್ತ್ವಕ್ಕೆ, ಅಂದರೆ ಅವಯವಗಳ ಅರ್ಥದಿಂದ ಇಡಿಯ ಅರ್ಥವು ನಿರ್ಣಯವಾಗುತ್ತದೆ ಎಂಬುದಕ್ಕೆ, ಹತ್ತಿರವಾಗಿದೆ. ಇದು ಸಾಮ್ಯವೇ ಹೊರತು ಪ್ರಭಾವದ ಮಾತಲ್ಲ. ಆದರೂ ಕನ್ನಡದಲ್ಲಿ ಶಬ್ದಾರ್ಥಚಿಂತನೆಯನ್ನು ಅಭ್ಯಾಸ ಮಾಡುವವರಿಗೆ ಈ ಹೋಲಿಕೆ ಉಪಯುಕ್ತವಾದುದು.

1892ರಲ್ಲಿ ಫ್ರೇಗೆಯ ಅತ್ಯಂತ ಪ್ರಸಿದ್ಧ ಲೇಖನ ಪ್ರಕಟವಾಯಿತು. ಹತ್ತು ವರ್ಷಗಳ ಹಿಂದೆ ಆತನನ್ನು ನಿರಾಕರಿಸಿದ್ದ ತತ್ತ್ವಶಾಸ್ತ್ರ ಪತ್ರಿಕೆಯೇ ಅದನ್ನು ಅಚ್ಚುಮಾಡಿತೆಂಬುದು ಗಮನಿಸತಕ್ಕ ಸಂಗತಿ. ಪದದ ಅರ್ಥ ಬೇರೆ, ಅದು ನಿರ್ದೇಶಿಸುವ ವಸ್ತು ಬೇರೆ ಎಂಬುದು ಅದರ ಸಾರ. ಮುಂಜಾನೆಯ ಬೆಳ್ಳಿ ಮತ್ತು ಸಂಜೆಯ ಬೆಳ್ಳಿ ಎರಡೂ ಶುಕ್ರಗ್ರಹವನ್ನೇ ನಿರ್ದೇಶಿಸುತ್ತವೆ. ಆದರೆ ಅವೆರಡೂ ಒಂದೇ ಎಂಬುದು ಕೇಳುವವನಿಗೆ ಹೊಸ ತಿಳಿವಳಿಕೆಯಾಗಬಲ್ಲದು. ಅರ್ಥಗಳು ಭಿನ್ನವಾಗಿರುವುದೇ ಇದಕ್ಕೆ ಕಾರಣ.

1893ರಲ್ಲಿ ‘ಅಂಕಗಣಿತದ ಮೂಲನಿಯಮಗಳು’ ಕೃತಿಯ ಮೊದಲ ಸಂಪುಟ ಹೊರಬಂದಿತು. ಸಂಖ್ಯೆಗಳ ನಿಯಮಗಳೆಲ್ಲವೂ ಶುದ್ಧ ತರ್ಕದಿಂದ ಹುಟ್ಟುತ್ತವೆಂದು ಸಾಧಿಸುವುದು ಅದರ ಗುರಿ. ಎರಡನೆಯ ಸಂಪುಟದ ಮುದ್ರಣವೆಚ್ಚವನ್ನು ಲೇಖಕನೇ ಭರಿಸಬೇಕಾಯಿತು. ಅದು ಅಚ್ಚಿನಲ್ಲಿರುವಾಗಲೇ, 1902ರ ಜೂನ್ 16ರಂದು, ಇಂಗ್ಲೆಂಡಿನ ತರುಣ ವಿದ್ವಾಂಸ ಬರ್ಟ್ರಂಡ್ ರಸೆಲ್ ಪತ್ರವೊಂದನ್ನು ಬರೆದನು. ತಮ್ಮನ್ನು ತಾವೇ ಒಳಗೊಳ್ಳದ ಗಣಗಳೆಲ್ಲವುಗಳ ಗಣವು ತನ್ನನ್ನು ಒಳಗೊಳ್ಳುತ್ತದೆಯೆ ಎಂಬುದು ಆತನ ಪ್ರಶ್ನೆ. ಹೌದೆಂದರೂ ಅಲ್ಲವೆಂದರೂ ವಿರೋಧ ತಪ್ಪದು. ಫ್ರೇಗೆಯ ಐದನೆಯ ಮೂಲನಿಯಮ ಇಂತಹ ಗಣಕ್ಕೆ ಅವಕಾಶ ಕೊಟ್ಟಿತ್ತು. ಆರೇ ದಿನಗಳಲ್ಲಿ ಉತ್ತರಿಸಿದ ಫ್ರೇಗೆ ದೋಷವನ್ನು ಮುಚ್ಚಿಡಲಿಲ್ಲ. 1903ರಲ್ಲಿ ಹೊರಬಂದ ಸಂಪುಟಕ್ಕೆ ಅನುಬಂಧವೊಂದನ್ನು ಸೇರಿಸಿ ಅದನ್ನು ಬಹಿರಂಗವಾಗಿ ವಿವರಿಸಿದನು. ಅಲ್ಲಿ ಸೂಚಿಸಿದ ಪರಿಹಾರ ಸಾಲದೆಂದು ನಂತರ ತಿಳಿದುಬಂದಿತು. 1904ರಲ್ಲಿ ಪತ್ನಿಯೂ ತೀರಿಕೊಂಡಳು.

ಮುಂದಿನ ವರ್ಷಗಳಲ್ಲಿ ಆತನ ತರಗತಿಗಳಲ್ಲಿ ಕೆಲವೇ ವಿದ್ಯಾರ್ಥಿಗಳಿರುತ್ತಿದ್ದರು. ಅವರಲ್ಲಿ ರುಡೋಲ್ಫ್ ಕಾರ್ನಾಪ್ ಒಬ್ಬನು. 1911ರಲ್ಲಿ ವಿಟ್‌ಗೆನ್‌ಸ್ಟೈನ್ ಬಂದು ಭೇಟಿಯಾದನು. ಇವರಿಬ್ಬರ ಮೂಲಕ ಫ್ರೇಗೆಯ ವಿಚಾರಗಳು ಇಪ್ಪತ್ತನೆಯ ಶತಮಾನವನ್ನು ಪ್ರವೇಶಿಸಿದವು. ಆದರೆ ಜೀವನಚರಿತ್ರೆ ಇಷ್ಟಕ್ಕೇ ನಿಲ್ಲುವಂತಿಲ್ಲ. 1924ರ ಆತನ ದಿನಚರಿಯಲ್ಲಿ ಯೆಹೂದ್ಯದ್ವೇಷವೂ ಪ್ರಜಾಪ್ರಭುತ್ವವಿರೋಧವೂ ಸ್ಪಷ್ಟವಾಗಿ ಕಾಣುತ್ತವೆ. ತರ್ಕದಲ್ಲಿ ಅಷ್ಟು ಪ್ರಾಮಾಣಿಕನಾಗಿದ್ದವನ ಈ ಮುಖವನ್ನು ಮರೆಮಾಚುವುದು ಚರಿತ್ರೆಗೆ ಬಗೆಯುವ ಅಪಚಾರವಾದೀತು.

1925ರ ಜುಲೈ 26ರಂದು ಫ್ರೇಗೆ ಬಾಟ್ ಕ್ಲೈನೆನ್‌ನಲ್ಲಿ ನಿಧನನಾದನು. ಅಪ್ರಕಟಿತ ಹಸ್ತಪ್ರತಿಗಳನ್ನು ದತ್ತುಪುತ್ರ ಆಲ್ಫ್ರೆಡ್ 1935ರಲ್ಲಿ ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯದ ಹೈನ್ರಿಖ್ ಶೋಲ್ಟ್ಸ್‌ಗೆ ಒಪ್ಪಿಸಿದನು. 1945ರ ಮಾರ್ಚ್ ತಿಂಗಳ ಬಾಂಬುದಾಳಿಯಲ್ಲಿ ಮೂಲಪ್ರತಿಗಳು ನಾಶವಾದವು ಎಂದೇ ತಿಳಿಯಲಾಗಿದೆ. ಮೊದಲೇ ಬೆರಳಚ್ಚು ಮಾಡಿಸಿದ್ದ ಪ್ರತಿಗಳಿಂದಾಗಿ ಒಂದು ಭಾಗವಷ್ಟೇ ಉಳಿಯಿತು.

ಫ್ರೇಗೆ ಕಟ್ಟಲು ಹೊರಟ ಅಂಕಗಣಿತದ ಸೌಧ ಕುಸಿಯಿತು. ಅದಕ್ಕಾಗಿ ಆತ ಸಿದ್ಧಪಡಿಸಿದ ಉಪಕರಣ ಉಳಿಯಿತು. 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗ್ ಉತ್ತರಿಸಿದ ನಿರ್ಣಯಸಮಸ್ಯೆ ಈ ತರ್ಕವನ್ನೇ ಕುರಿತದ್ದು. 1970ರ ಸುಮಾರಿಗೆ ರಿಚರ್ಡ್ ಮಾಂಟೆಗ್ಯೂ ಇಂಗ್ಲಿಷ್ ವಾಕ್ಯಗಳ ಅರ್ಥವನ್ನು ಔಪಚಾರಿಕ ತರ್ಕದಲ್ಲಿ ನಿರೂಪಿಸಿದ್ದು, 1972ರಲ್ಲಿ ಮಾರ್ಸೇಯಲ್ಲಿ ಭಾಷಾಸಂಸ್ಕರಣೆಗಾಗಿ ಪ್ರೋಲಾಗ್ ರೂಪುಗೊಂಡದ್ದು ಇದೇ ದಾರಿಯಲ್ಲಿ. ಮೂರು ಪತ್ರಿಕೆಗಳು ಹಿಂದಿರುಗಿಸಿದ ಆ ಪ್ರಬಂಧದ ವಿಷಯ ಇಂದು ಪದವಿ ತರಗತಿಗಳ ಪಠ್ಯವಾಗಿದೆ. ಶಿಸ್ತುಗಳ ಗಡಿಯಲ್ಲಿ ನಿಂತ ಬರಹವನ್ನು ಯಾವ ಅಳತೆಗೋಲಿನಿಂದ ಪರಿಶೀಲಿಸಬೇಕೆಂಬ ಪ್ರಶ್ನೆ ಮಾತ್ರ ವಿದ್ವತ್ ಲೋಕದ ಮುಂದೆ ಹಾಗೆಯೇ ಉಳಿದಿದೆ.